ಏಳು ಕತ್ತಿಯವಳಿಗೆ ಒಂದು ಮೊಳ ಮಲ್ಲಿಗೆ

ಒಬ್ಬರೇ ಇರುವ ಮನೆಯ ಬಗ್ಗೆ ಜನ ಮರುಕದಿಂದ ಮಾತನಾಡುತ್ತಾರೆಯೇ ಹೊರತು ಅದರ ಅನುಕೂಲಗಳನ್ನು ಯಾರೂ ಎತ್ತಿ ಹೇಳುವುದಿಲ್ಲ. ಮುಖ್ಯವಾಗಿ, ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆ. ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಕನ್ನಡಕ ಮರೆತು ಹೋದರೆ ಸಂಜೆ ಅದೇ ಕಟ್ಟೆಯ ಮೇಲೆ, ಕಾಲು ಹಾಗೇ ಮಡಚಿಕೊಂಡು, ಅದು ನನಗಾಗಿ ಕಾದಿರುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ಮುಖ ಸಿಂಡರಿಸುವವರಿಲ್ಲ. ನಾನೇ ಸಿಂಡರಿಸಿ ನಾನೇ ಸಮಾಧಾನ ಹೇಳಿಕೊಳ್ಳಬಹುದು. ಟೀವಿಯಲ್ಲಿ ವಾರ್ತೆಯೋ ಧಾರಾವಾಹಿಯೋ ಎಂಬ ವಾದ ಹುಟ್ಟುವುದಿಲ್ಲ. ನಮ್ಮ ಮನೆಯವರು ಇದ್ದಾಗ ಈ ಒಂದೊಂದಕ್ಕೂ ಜಗಳವಾಡಿದ್ದೇವೆ. ಅವರು ತೀರಿಕೊಂಡ ಮೇಲೆ ಎಲ್ಲ ಜಗಳಗಳಲ್ಲೂ ನಾನೇ ಗೆದ್ದಿದ್ದೇನೆ. ಗೆದ್ದು ಮಾಡುವುದೇನು ಎಂಬುದು ಮಾತ್ರ ತಿಳಿಯದೆ ಕೂತಿದ್ದೇನೆ.

ನನ್ನ ಮನೆ ಕೊಟ್ಟೂರಿನ ಒಂದು ಓಣಿಯಲ್ಲಿದೆ. ಕೆಲಸ ಕಾಲೇಜಿನ ಲೈಬ್ರರಿಯಲ್ಲಿ. ಪುಸ್ತಕ ಕೊಡುವುದು, ಪುಸ್ತಕ ಇಸಕೊಳ್ಳುವುದು, ಹರಿದದ್ದಕ್ಕೆ ಗೋಂದು ಹಚ್ಚುವುದು. ಓಣಿಯವರಿಗೆಲ್ಲ ನಾನು ‘ಲೈಬ್ರರಿ ಅಕ್ಕಾರು’. ದಿನವಿಡೀ ಹುಡುಗರಿಗೆ ‘ಸದ್ದು ಮಾಡಬ್ಯಾಡ್ರಿ’ ಎಂದು ಗದರಿಸಿ ಸಂಜೆ ಮನೆಗೆ ಬಂದರೆ, ಅಲ್ಲಿ ಸದ್ದು ಮಾಡುವವರೇ ಇಲ್ಲ. ಒಮ್ಮೊಮ್ಮೆ ಬಾಯಿಯ ಬಳಕೆಯೇ ತಪ್ಪಿ ಹೋಗಿದೆಯೇನೋ ಎಂಬ ಅನುಮಾನದಿಂದ, ಬೀಗ ತೆಗೆಯುತ್ತಾ ‘ಬಂದ್ನಿ’ ಎಂದು ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಗೋಡೆಯ ಮೇಲಿನ ಹಲ್ಲಿಯೊಂದು ಲೊಚಗುಟ್ಟುತ್ತದೆ. ಅದನ್ನು ಉತ್ತರವೆಂದು ತಿಳಿಯುವ ಮಟ್ಟಕ್ಕೆ ನಾನಿನ್ನೂ ಇಳಿದಿಲ್ಲ, ಆದರೆ ಹಲ್ಲಿ ಕಾಣದ ದಿನ ‘ಎಲ್ಲಿ ಹೋಯಿತು’ ಎಂದು ಹುಡುಕಿದ್ದುಂಟು.

ಹೀಗಿದ್ದ ನನ್ನ ದೊಡ್ಡ ಕೊರತೆ ಯಾವುದೆಂದರೆ ನೀವು ನಗಬಹುದು. ಹೂ ಮಾರುವ ಮೈಲಮ್ಮ ನನ್ನ ಬಾಗಿಲಿಗೆ ಬರುವುದನ್ನು ಬಿಟ್ಟಿದ್ದಳು.

ಮೈಲಮ್ಮ ಹೂವಿನಹಡಗಲಿಯವಳು. ಒದ್ದೆ ಬಟ್ಟೆ ಮುಚ್ಚಿದ ಮಲ್ಲಿಗೆಯ ಬುಟ್ಟಿಯನ್ನು ಬೆಳಗಿನ ಬಸ್ಸಿನಲ್ಲಿ ಹೇರಿಕೊಂಡು ಬಂದು, ‘ಹೂವ್ ರೀ... ಹಡಗಲಿ ಮಲ್ಲಿಗೀ...’ ಎಂದು ನಮ್ಮ ಓಣಿಯನ್ನು ಆ ತುದಿಯಿಂದ ಈ ತುದಿಗೆ ಎಬ್ಬಿಸುತ್ತಾ ಬರುತ್ತಾಳೆ. ನಮ್ಮ ಮನೆಯವರು ಇದ್ದಾಗ ಆಕೆ ನನ್ನ ಬಾಗಿಲಲ್ಲಿ ಬುಟ್ಟಿ ಇಳಿಸಿದರೆ ಎತ್ತುವುದಕ್ಕೆ ಅರ್ಧ ಗಂಟೆ. ಮಾಲೆಯನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಮೈಲಮ್ಮನ ಕೈ ಗಿಡ್ಡ. ಅಳೆಯುವಾಗ ಬೆರಳು ಬೇರೆ ಮಡಚುತ್ತಾಳೆ. ‘ಬೆರಳು ಚಾಚವ್ವಾ’ ಎಂದು ನಾನು, ‘ಸಂಧಿವಾತ ರೀ ಅಕ್ಕಾರ’ ಎಂದು ಆಕೆ. ಅಲ್ಲಿಂದ ಸಂಧಿವಾತಕ್ಕೆ ಔಷಧ, ಔಷಧದಿಂದ ಆಕೆಯ ಮಗಳ ಬಾಣಂತನ, ಬಾಣಂತನದಿಂದ ಹಗರಿಬೊಮ್ಮನಹಳ್ಳಿಯ ಬೀಗರು, ಬೀಗರಿಂದ ಬಸ್ಸಿನ ಕಂಡಕ್ಟರು. ಕೊಂಡದ್ದು ಒಂದು ಮೊಳ ಹೂವು, ಆದರೆ ಮಾತು ಮಾರುಗಟ್ಟಲೆ.

ಗಂಡ ಹೋದ ಹೆಂಗಸು ಕಟ್ಟಿದ ಹೂವು ಕೊಳ್ಳುವುದಿಲ್ಲ. ಇದನ್ನು ಯಾರೂ ನನಗೆ ಬಂದು ಹೇಳಲಿಲ್ಲ. ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಮೈಲಮ್ಮನ ಕೂಗು ಪಕ್ಕದ ಶಿವಗಂಗಮ್ಮನ ಮನೆಯವರೆಗೆ ಬರುತ್ತಿತ್ತು, ನನ್ನ ಬಾಗಿಲ ಮುಂದೆ ತಟ್ಟನೆ ನಿಲ್ಲುತ್ತಿತ್ತು, ಆಚೆ ಮನೆಯ ಮುಂದೆ ಮತ್ತೆ ಶುರುವಾಗುತ್ತಿತ್ತು. ಅದು ಕೆಟ್ಟ ಮನಸ್ಸಿನಿಂದಲ್ಲ. ನನ್ನ ಎದುರು ‘ಮಲ್ಲಿಗೆ’ ಎನ್ನಲು ಆಕೆಗೆ ಬಾಯಿ ಬರುತ್ತಿರಲಿಲ್ಲ, ಅಷ್ಟೇ. ನನ್ನ ಮನೆಯ ಅಗಲ ಎಷ್ಟೆಂದು ಯಾರಾದರೂ ಕೇಳಿದರೆ ನಾನು ಅಡಿ ಲೆಕ್ಕದಲ್ಲಿ ಹೇಳಲಾರೆ. ಮೈಲಮ್ಮ ಸುಮ್ಮನಿರುವಷ್ಟು ಅಗಲ.

ಒಮ್ಮೆ ನಾನೇ ಧೈರ್ಯ ಮಾಡಿ, ‘ದೇವರಿಗೆ ಬೇಕು, ಕೊಡು’ ಎಂದು ಕರೆದೆ. ಬಂದಳು. ಕಟ್ಟದ ಬಿಡಿ ಹೂವನ್ನು ಒಂದು ಹಿಡಿ ಎಲೆಯಲ್ಲಿ ಹಾಕಿ ಕಟ್ಟೆಯ ಮೇಲಿಟ್ಟು, ನೆಲ ನೋಡುತ್ತಾ ನಿಂತಳು. ಬಿಡಿ ಹೂವಿಗೆ ಮೊಳವಿಲ್ಲ, ಮೊಳವಿಲ್ಲದಿದ್ದರೆ ಚೌಕಾಸಿಯಿಲ್ಲ, ಚೌಕಾಸಿಯಿಲ್ಲದಿದ್ದರೆ ಕೂರುವ ಕಾರಣವಿಲ್ಲ. ‘ಬರ್ತೀನ್ರಿ’ ಎಂದು ಹೊರಟೇ ಹೋದಳು. ಆಮೇಲೆ ನಾನು ಕರೆಯಲಿಲ್ಲ. ದೇವರಿಗೆ ಹಿತ್ತಲಿನ ಕಣಗಿಲೆಯೇ ಸಾಕಾಯಿತು. ದೇವರು ನನ್ನ ಹಾಗಲ್ಲ, ಮಾತಿಗೆ ಹಂಬಲಿಸುವವನಲ್ಲ.

ಆ ದಿನಗಳಲ್ಲಿ ನಮ್ಮ ಲೈಬ್ರರಿಯಲ್ಲಿ ಗೆದ್ದಲು ತಿಂದ ಪುಸ್ತಕಗಳನ್ನು ರದ್ದಿಗೆ ಹಾಕಿದರು. ಅದರಲ್ಲೊಂದು ದೊಡ್ಡ ಇಂಗ್ಲಿಷ್ ಪುಸ್ತಕ, ಯುರೋಪಿನ ಹಳೆಯ ಮರದಚ್ಚಿನ ಚಿತ್ರಗಳದ್ದು. ಯಾರೂ ಒಮ್ಮೆಯೂ ಒಯ್ದಿರಲಿಲ್ಲ. ಗೆದ್ದಲೊಂದೇ ಅದನ್ನು ಶ್ರದ್ಧೆಯಿಂದ ಓದಿತ್ತು. ನಡುವೆ ಒಂದು ಪುಟ ಮಾತ್ರ ಇಡಿಯಾಗಿ ಉಳಿದಿತ್ತು. ನಮ್ಮ ಲೈಬ್ರರಿಯನ್ ಸಾಹೇಬರನ್ನು ಕೇಳಿ ಆ ಪುಟವನ್ನು ಮನೆಗೆ ತಂದೆ. ಯಾಕೆ ತಂದೆ ಎಂದರೆ, ಅದರೊಳಗೊಬ್ಬಳು ಹೆಂಗಸಿದ್ದಳು. ಮನೆಯಲ್ಲಿ ಇನ್ನೊಂದು ಮುಖವಿರಲಿ ಎನ್ನಿಸಿತು.

ಆಕೆ ಏಸುವಿನ ತಾಯಿ ಮೇರಿ, ದುಃಖದ ತಾಯಿ ಎಂದು ಕೆಳಗೆ ಬರೆದಿತ್ತು. ಚಿತ್ರಕ್ಕೆ ಐನೂರು ವರ್ಷವಾಗಿರಬಹುದು, ಕೆತ್ತಿದವನ ಹೆಸರು ಗೊತ್ತಿಲ್ಲ ಎಂದೂ ಇತ್ತು. ಬಣ್ಣವಿಲ್ಲ, ಬರೀ ಕಪ್ಪು ಗೆರೆ. ತಲೆ ಒಂದು ಪಕ್ಕಕ್ಕೆ ವಾಲಿದೆ. ಕೆನ್ನೆಯ ಮೇಲೆ ಕಣ್ಣೀರಿನ ಹನಿಗಳು, ಒಂದೊಂದೂ ಮೊಗ್ಗಿನಷ್ಟು ದಪ್ಪ. ಮರದಲ್ಲಿ ಸಣ್ಣ ಹನಿ ಕೆತ್ತಲು ಆಗುವುದಿಲ್ಲವೋ ಏನೋ. ಸೀರೆಯಂಥ ಉಡುಪಿನ ನೆರಿಗೆಗಳು ನಮ್ಮ ಎರೆಹೊಲದ ಕುಂಟೆ ಸಾಲುಗಳ ಹಾಗೆ ಒಂದರ ಪಕ್ಕ ಒಂದು ಇಳಿದಿವೆ. ಕಾಲ ಬಳಿ ಒಂದು ತಲೆಬುರುಡೆ. ಮೂಲೆಯಲ್ಲಿ ಸೂರ್ಯ, ಇನ್ನೊಂದು ಮೂಲೆಯಲ್ಲಿ ಚಂದ್ರ, ಇಬ್ಬರಿಗೂ ಮನುಷ್ಯರ ಮುಖ, ಇಬ್ಬರೂ ಅಳುತ್ತಿದ್ದಾರೆ. ಎದೆಗೆ ಏಳು ಕತ್ತಿಗಳು ಚುಚ್ಚಿಕೊಂಡು ಬೀಸಣಿಗೆಯಂತೆ ಹರಡಿವೆ. ಆದರೂ ಆಕೆ ಕಿರುಚುತ್ತಿಲ್ಲ. ಎರಡೂ ಕೈ ಜೋಡಿಸಿ, ಬಾಗಿಲಿಗೆ ಯಾರೋ ಬಂದಿದ್ದಾರೆ, ಈಗ ಅಳು ಮುಗಿಸಬೇಕು ಎನ್ನುವಂತೆ ಇದ್ದಾಳೆ. ತಲೆಯ ಸುತ್ತ ದುಂಡನೆಯ ಪ್ರಭೆ. ಎರಡು ವೃತ್ತಗಳ ನಡುವೆ ಒತ್ತೊತ್ತಾಗಿ ಚಿಕ್ಕ ಚಿಕ್ಕ ಕಿರಣಗಳು.

ಚೌಕಟ್ಟು ಹಾಕಿಸಲು ಖಾದರ್ ಸಾಬರ ಅಂಗಡಿಗೆ ಒಯ್ದೆ. ಖಾದರ್ ಸಾಬರು ಮೊದಲು ಪ್ರೆಸ್ಸಿನಲ್ಲಿ ಪೋಸ್ಟರಿನ ದಪ್ಪ ಅಕ್ಷರಗಳನ್ನು ಮರದಲ್ಲಿ ಕೆತ್ತುತ್ತಿದ್ದವರು. ಚಿತ್ರವನ್ನು ಬೆಳಕಿಗೆ ಹಿಡಿದು, ‘ಇದು ನಮ್ಮ ಕಸಬು ರೀ ಅಕ್ಕಾರ. ಗೆರೀನ ಯಾರೂ ಕೆತ್ತಂಗಿಲ್ಲ. ಗೆರಿ ಅಲ್ಲದ್ದನ್ನ ಎಲ್ಲಾ ಕೆತ್ತಿ ತೆಗದು ಒಗೀತೀವಿ. ಉಳದದ್ದು ಗೆರಿ’ ಎಂದರು. ಆ ಮಾತನ್ನು ಅಂಗಡಿಯಿಂದ ಹೊರಟ ಮೇಲೆ ಮನೆಯವರೆಗೂ ಚಪ್ಪರಿಸಿಕೊಂಡು ಬಂದೆ. ಸುತ್ತಲಿನದನ್ನೆಲ್ಲ ಕೊರೆದು ತೆಗೆದ ಮೇಲೆ ಉಳಿಯುವುದು ಎಂದರೇನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಸಾಬರಿಗೆ ಅಂಥ ಯೋಚನೆಗಳಿಗೆ ಪುರುಸೊತ್ತಿರಲಿಲ್ಲ.

‘ಯಾವ ಪಟ್ಟಿ ಹಾಕ್ಲಿರಿ? ದೇವರಿಗಾದ್ರ ಬಂಗಾರದ್ದು, ತೀರಕೊಂಡವರಿಗಾದ್ರ ಕರೇದು. ಇವರು ಯಾವ ಪೈಕಿ?’

ದೇವರೇ ಎನ್ನಬಹುದು, ಆದರೆ ನನ್ನ ದೇವರಲ್ಲ. ತೀರಿಕೊಂಡವಳೇ, ಆದರೆ ನನ್ನ ನೆಂಟಳಲ್ಲ. ಸಾಬರೇ ಸಮಸ್ಯೆ ಬಿಡಿಸಿದರು. ‘ಎರಡೂ ಬ್ಯಾಡ ತಗೀರಿ. ಸರ್ಟಿಫಿಕೇಟಿಗೆ ಹಾಕೋ ಕಂದು ಪಟ್ಟಿ ಐತಿ.’ ಹೀಗೆ ದುಃಖದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳಂತೆ ಆಕೆ ನಮ್ಮ ಪಡಸಾಲೆಯ ಗೋಡೆಗೆ, ಬೀದಿ ಬಾಗಿಲಿಗೆ ಎದುರಾಗಿ ಬಂದು ನಿಂತಳು.

ಮೊದಲು ನೋಡಲು ಬಂದವರು ಶಿವಗಂಗಮ್ಮ. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪ. ‘ಅಯ್ಯ, ಮನ್ಯಾಗ ಕತ್ತಿ ಚಿತ್ರ ಹಾಕಬಾರ್ದು ರೀ. ಜಗಳ ಆಗ್ತಾವು’ ಎಂದರು.

‘ಯಾರ ಕೂಡ ಶಿವಗಂಗಮ್ಮಾರ?’ ಎಂದೆ.

ಅವರು ಮನೆಯೊಳಗೆಲ್ಲ ಒಮ್ಮೆ ಕಣ್ಣಾಡಿಸಿದರು. ಮಜ್ಜಿಗೆ ಇಸಕೊಂಡು ಹೋದರು.

ಮೈಲಮ್ಮ ನೋಡಿದ್ದು ಅದರ ಮರುದಿನ ಬೆಳಿಗ್ಗೆ. ಎಂದಿನಂತೆ ನನ್ನ ಬಾಗಿಲ ಮುಂದೆ ಕೂಗು ನಿಲ್ಲಿಸಿದವಳು ಅಭ್ಯಾಸಬಲದಿಂದ ಒಳಗೆ ಕಣ್ಣು ಹಾಯಿಸಿದಳು. ಕಾಲೂ ನಿಂತಿತು. ಹೊಸ್ತಿಲಿನಿಂದ ಧ್ವನಿ ಬಂತು.

‘ಅಕ್ಕಾರ, ಯಾರ್ರಿ ಅದು ಗ್ವಾಡಿ ಮ್ಯಾಲೆ?’

‘ಒಂದು ಚಿತ್ರ.’

‘ಚಿತ್ರ ಅಂಬೋದು ನನಗೂ ಕಾಣಸ್ತೈತಿ. ಯಾರು ಅಂತ ಕೇಳಿದ್ನಿ. ಅಯ್ಯ ಶಿವನ! ಎದಿತುಂಬ ಕತ್ತಿ ಚುಚ್ಯಾರಲ್ರಿ! ಯಾರು ಚುಚ್ಚಿದ್ದು?’

‘ಯಾರೂ ಅಲ್ಲ. ಅವು ದುಃಖಗಳು. ಒಂದೊಂದು ದುಃಖಕ್ಕೆ ಒಂದೊಂದು ಕತ್ತಿ.’

ಮೈಲಮ್ಮ ಬುಟ್ಟಿಯನ್ನು ಕೆಳಗಿಳಿಸಿದಳು. ಆ ಬುಟ್ಟಿ ನನ್ನ ಹೊಸ್ತಿಲಿಗೆ ತಾಗಿದ ಸದ್ದು ಕೇಳಿ ಎಷ್ಟು ಕಾಲವಾಗಿತ್ತೋ! ‘ದುಃಖಕ್ಕ ಹಿಡಿಕಿ ಬ್ಯಾರೆ ಇಟ್ಟಾರ ನೋಡ್ರಿ’ ಎಂದು ಹತ್ತಿರ ಬಂದು, ಕತ್ತು ಓರೆ ಮಾಡಿ ನೋಡಿ, ‘ಏನಾರ ಅನ್ರಿ, ಗಟ್ಟಿಗಿತ್ತಿ ಆಕಿ. ಇಷ್ಟು ಚುಚ್ಚಿಸ್ಕೊಂಡು, ಅಳಕೋತನ, ದಂಡಿ ಬಿಟ್ಟಿಲ್ಲ’ ಎಂದಳು.

‘ಯಾವ ದಂಡೆ?’

‘ತಲಿ ಸುತ್ತ ಕಾಣವಲ್ದೇನ್ರಿ? ಎಷ್ಟು ಒತ್ತಾಗಿ ಕಟ್ಯಾರ! ಇದು ನಮ್ಮ ಹಡಗಲಿ ಮಲ್ಲಿಗೀನ. ಬ್ಯಾರೆ ಊರವರಿಗೆ ಹಿಂಗ ಕಟ್ಟಾಕ ಬರಂಗಿಲ್ಲ.’

ಅದು ಪ್ರಭೆ, ಪವಿತ್ರರ ತಲೆಯ ಸುತ್ತ ಬರೆಯುವ ಬೆಳಕು ಎಂದು ನನಗೆ ಗೊತ್ತಿತ್ತು. ಲೈಬ್ರರಿಯ ನಿಘಂಟು ತೆಗೆದು ಅರ್ಥ ನೋಡಿದ್ದೆ. ಹೇಳಲು ಬಾಯಿ ತೆರೆದೆ. ಆದರೆ ಬುಟ್ಟಿ ಕೆಳಗಿತ್ತು. ಬಾಯಿ ಮುಚ್ಚಿದೆ.

‘ಮುತ್ತೈದಿ ಏನ್ರಿ ಈಕಿ?’ ಎಂದು ಮೈಲಮ್ಮ ಮುಖ್ಯ ಪ್ರಶ್ನೆಗೆ ಬಂದಳು.

‘ಗಂಡನ ಸುದ್ದಿ ಪುಸ್ತಕದಾಗ ಏನೂ ಬರದಿಲ್ಲ.’

‘ಹಂಗಾರ ಇದ್ದಾನ ತಗೀರಿ. ಸತ್ತಿದ್ರ ಬರೀತಿದ್ರು.’ ಇಷ್ಟು ಹೇಳಿ ಮಾಲೆಯ ಉಂಡೆ ಬಿಚ್ಚಿದಳು. ‘ಅಚ್ಚಿನ ಹೂ ಬಾಡಂಗಿಲ್ಲ, ಖರೆ, ಆದ್ರ ವಾಸನಿ ಇಲ್ಲಲ್ರಿ. ಹೂ ಮುಡಿಯಾಕಿ ಗ್ವಾಡಿ ಮ್ಯಾಲೆ ಅದಾಳ, ಹೂ ಮಾರಾಕಿ ಬಾಗಲಾಗ ಅದಾಳ. ನಡುವ ನೀವ್ಯಾಕ ಕಂಬ ನಿಂತಂಗ ನಿಂತೀರಿ? ಒಂದು ಮೊಳ ಹಾಕ್ಲೇನು?’

‘ಬೆರಳು ಚಾಚಿ ಅಳಿ’ ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಅಂದಿನಿಂದ ಕೂಗಿನಲ್ಲಿದ್ದ ಕಿಂಡಿ ಮುಚ್ಚಿತು. ದಿನವೂ ಮೈಲಮ್ಮ ಬರುವುದು, ಒಣಗಿದ ಮಾಲೆ ತೆಗೆದು ಹೊಸದು ಹಾಕುವುದು, ಕೂರುವುದು. ಮಜ್ಜಿಗೆಯ ನೆಪವನ್ನೂ ಬಿಟ್ಟು ಶಿವಗಂಗಮ್ಮನವರು ಬರತೊಡಗಿದರು. ಇಬ್ಬರೂ ಸೇರಿ ಏಳು ಕತ್ತಿಗಳನ್ನು ಹಂಚಿದರು. ಮೊದಲನೆಯದು ಅತ್ತೆ, ಅದರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಎರಡನೆಯದು ನಾದಿನಿ ಎಂದು ಶಿವಗಂಗಮ್ಮ, ಅಲ್ಲ, ಕುಡುಕ ಅಳಿಯ ಎಂದು ಮೈಲಮ್ಮ. ಮೂರನೆಯದು ನಲ್ಲಿ ನೀರು. ನಾಲ್ಕನೆಯದನ್ನು ಮೈಲಮ್ಮ ಬುಟ್ಟಿಗೆ ಲಗೇಜು ಟಿಕೆಟ್ ಕೊಡುವ ಕಂಡಕ್ಟರಿಗೆ ಮೀಸಲಿಟ್ಟಳು. ‘ಆತ ಈ ಯವ್ವನ ಎದಿಗೆ ಹೆಂಗ ಬಂದಾನು? ಆಗ ಬಸ್ಸ ಇದ್ದಿಲ್ಲ’ ಎಂದು ಶಿವಗಂಗಮ್ಮ ತಕರಾರು ತೆಗೆದರೆ, ‘ಬಸ್ ಇಲ್ಲಂದ್ರ ದೋಣಿ ಇತ್ತಿಲ್ಲೋ? ದೋಣಿಗೆ ಒಬ್ಬ ಕಂಡಕ್ಟರ್ ಇದ್ದಾ ಇರ್ತಾನ’ ಎಂದು ಮೈಲಮ್ಮ ಗೆದ್ದಳು. ಏಳು ಮುಗಿದರೂ ಶಿವಗಂಗಮ್ಮನವರ ಕಷ್ಟಗಳು ಇನ್ನೂ ಮಿಕ್ಕಿದ್ದವು. ‘ಪಾಪ, ಆಕೀಗೆ ಏಳ ಅದಾವು’ ಎಂದು ಚಿತ್ರದ ಕಡೆ ಕನಿಕರದಿಂದ ನೋಡಿದರು.

‘ನಿಮ್ಮದು ಯಾವ ಕತ್ತಿ ರೀ ಅಕ್ಕಾರ?’ ಎಂದು ಮೈಲಮ್ಮ ಒಂದು ದಿನ ಕೇಳಿದಳು.

‘ಗೊತ್ತಿದ್ದದ್ದ ಐತಲ್ಲ. ನಮ್ಮ ಮನಿಯವರು ಹೋದದ್ದು’ ಎಂದೆ. ಇಬ್ಬರೂ ಲೊಚ್ ಎಂದರು. ಅದು ನಿಜವೇ. ಆದರೆ ಅದರ ಪಕ್ಕದಲ್ಲೇ ಇನ್ನೊಂದಿತ್ತು, ಪ್ರತಿ ಬೆಳಿಗ್ಗೆ ನನ್ನ ಬಾಗಿಲ ಮುಂದೆ ನಿಲ್ಲುತ್ತಿದ್ದ ಕೂಗು. ಆ ಕತ್ತಿಯ ಹಿಡಿಕೆ ನಿನ್ನ ಕೈಯಲ್ಲೇ ಇತ್ತು ಎಂದು ಎದುರು ಕೂತು ನಗುತ್ತಿರುವವಳಿಗೆ ಹೇಗೆ ಹೇಳುವುದು? ಹೇಳಿದರೆ ಆಕೆ ನೊಂದಾಳು. ನೊಂದರೆ ಬರುವುದನ್ನು ಬಿಟ್ಟಾಳು. ಸುಮ್ಮನೆ ಚಹಾ ಇಟ್ಟೆ.

ಇಷ್ಟರಲ್ಲಿ ನನಗೊಂದು ವಿಚಿತ್ರ ಹೊಟ್ಟೆಕಿಚ್ಚು ಶುರುವಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಬರುವವರೆಲ್ಲ ಬರುವುದು ಆಕೆಯ ಹತ್ತಿರ. ‘ಹೆಂಗ ಅದೀಯವ್ವ?’ ಎಂದು ಕೇಳುವುದು ಆಕೆಯನ್ನು. ಚಹಾ ಮಾಡುವವಳು, ಲೋಟ ತೊಳೆಯುವವಳು, ಉದುರಿದ ಹೂವು ಗುಡಿಸುವವಳು ನಾನು. ನನ್ನ ಮನೆಯಲ್ಲಿ ನಾನೇ ಬಾಡಿಗೆದಾರಳಾದಂತಿತ್ತು. ಆದರೂ ಖಾಲಿ ಮನೆಯ ಒಡತಿಯಾಗುವುದಕ್ಕಿಂತ ತುಂಬಿದ ಮನೆಯ ಬಾಡಿಗೆದಾರಳಾಗುವುದು ವಾಸಿ ಎಂದು ಲೋಟ ತೊಳೆದೆ.

ಆಗ ಬಂದವರು ನರ್ಸಮ್ಮ. ಮಂಗಳೂರು ಕಡೆಯವರು, ಆಸ್ಪತ್ರೆಗೆ ಹೊಸಬರು. ಮನೆಮನೆಗೆ ಹೋಗಿ ಮಕ್ಕಳಿಗೆ ಪೋಲಿಯೊ ಹನಿ ಹಾಕುತ್ತಾ ಬಂದಿದ್ದರು. ‘ಈ ಮನೆಯಲ್ಲಿ ಮಕ್ಕಳು ಉಂಟಾ?’ ಎಂದರು. ‘ಇಲ್ಲ’ ಎಂದೆ. ಬಾಗಿಲಿಗೆ ಸೀಮೆಸುಣ್ಣದಲ್ಲಿ ಏನೋ ಗುರುತು ಹಾಕಿ ತಿರುಗಬೇಕು, ಅಷ್ಟರಲ್ಲಿ ಚಿತ್ರ ಕಂಡಿತು. ಸೀಮೆಸುಣ್ಣ ಹಿಡಿದ ಕೈಯಿಂದಲೇ ಹಣೆ, ಎದೆ, ಭುಜ ಮುಟ್ಟಿಕೊಂಡರು. ‘ಮರಿಯಮ್ಮ! ನಿಮ್ಮ ಮನೆಯಲ್ಲಾ?’

‘ಮಾರಿಯಮ್ಮ ನಮ್ಮ ಊರಾಗೂ ಅದಾಳ್ರಿ. ಈಕಿ ಬ್ಯಾರೆ’ ಎಂದಳು ಒಳಗೆ ಕೂತು ಹೂ ಕಟ್ಟುತ್ತಿದ್ದ ಮೈಲಮ್ಮ.

ನರ್ಸಮ್ಮ ನಕ್ಕು ಒಳಗೆ ಬಂದರು. ನಮ್ಮ ಊರಲ್ಲಿ ಅವರದೂ ಒಂಟಿ ಬಾಡಿಗೆ ಕೋಣೆಯೆಂದು ಆಮೇಲೆ ತಿಳಿಯಿತು; ಕೇಳುವವರು ಸಿಕ್ಕಿದ್ದೇ ಹೇಳತೊಡಗಿದರು. ಮಗು ಹುಟ್ಟಿದಾಗಲೇ ಒಬ್ಬ ಮುದುಕ ಈಕೆಗೆ ‘ನಿನ್ನ ಎದೆಗೆ ಕತ್ತಿ ನಾಟುತ್ತದೆ’ ಎಂದಿದ್ದನಂತೆ, ಅದು ಮೊದಲನೆಯದು. ಎರಡನೆಯದು ಹಸುಗೂಸನ್ನು ಎತ್ತಿಕೊಂಡು ಪರದೇಶಕ್ಕೆ ಓಡಿದ್ದು. ಮೂರನೆಯದು ಹಬ್ಬದ ಗದ್ದಲದಲ್ಲಿ ಮಗ ಕಳೆದುಹೋಗಿ ಮೂರು ದಿನ ಹುಡುಕಿದ್ದು. ಮೈಲಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದಳು. ಉಳಿದ ನಾಲ್ಕೂ ಆ ಮಗನ ಸಾವಿನವು: ಶಿಲುಬೆ ಹೊತ್ತು ಹೋಗುವ ದಾರಿಯಲ್ಲಿ ಅವನನ್ನು ಕಂಡದ್ದು, ಅವನು ಸಾಯುವುದನ್ನು ನಿಂತು ನೋಡಿದ್ದು, ಇಳಿಸಿದ ಹೆಣವನ್ನು ತೊಡೆಯ ಮೇಲೆ ಮಲಗಿಸಿಕೊಂಡದ್ದು, ಮಣ್ಣು ಮಾಡಿದ್ದು. ಕಂಡಕ್ಟರನನ್ನು ಆ ಎದೆಯಿಂದ ಯಾರೂ ಹೇಳದೆಯೇ ಇಳಿಸಲಾಯಿತು. ಮೈಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಅದಕ್ಕ ಸೂರ್ಯ ಚಂದ್ರಾಮನೂ ಅಳತಾರ ನೋಡ್ರಿ. ಇಷ್ಟಾದ್ರೂ ತಾಯಿ ತಲಿಮ್ಯಾಲಿನ ಹೂ ತಗೀಲಿಲ್ಲ’ ಎಂದಳು.

ನಾನು ಚಹಾ ಲೋಟಗಳನ್ನು ಬೇಕೆಂದೇ ಗಲಗಲ ಎನ್ನಿಸಿದೆ. ಉಪಯೋಗವಾಗಲಿಲ್ಲ.

‘ಹೂವಲ್ಲ ಮಾರಾಯ್ತಿ, ಅದು ಪ್ರಭೆ. ತಲೆಯ ಸುತ್ತ ಬೆಳಕು’ ಎಂದರು ನರ್ಸಮ್ಮ.

‘ಹೂ ಅಲ್ಲಾ?’

‘ಅಲ್ಲ.’

‘ಗಂಡ ಇದ್ನೇನ್ರಿ ಈಕಿಗೆ?’

‘ಆಗ ಇರಲಿಲ್ಲ. ಮೊದಲೇ ತೀರಿಕೊಂಡಿದ್ದರು ಅಂತ ಹೇಳ್ತಾರೆ.’

ಮೈಲಮ್ಮ ಚಿತ್ರವನ್ನು ನೋಡಿದಳು. ಅದರ ಕೊರಳಿಗೆ ತಾನೇ ಹಾಕಿದ್ದ ಮಾಲೆಯನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ‘ನಿಮಗ ಗೊತ್ತಿತ್ತೇನ್ರಿ, ಹೂ ಅಲ್ಲಂಬೋದು?’ ಎಂದಳು.

‘ಹೂಂ’ ಎಂದೆ. ಅಷ್ಟು ಸಣ್ಣ ಮಾತು ಹೇಳಲು ಅಷ್ಟು ಉಸಿರು ಬೇಕೆಂದು ಗೊತ್ತಿರಲಿಲ್ಲ.

ಆಕೆ ಕಟ್ಟದೆ ಉಳಿದ ಹೂವನ್ನು ಬುಟ್ಟಿಗೆ ಬಳಿದುಕೊಂಡು ಎದ್ದು ಹೋದಳು. ಚಹಾ ಹಾಗೇ ಆರಿತು. ನರ್ಸಮ್ಮ ‘ನಾನೇನಾದ್ರೂ ತಪ್ಪು ಹೇಳಿದೆನಾ?’ ಎಂದು ಗಾಬರಿಯಾದರು. ‘ಇಲ್ಲ, ನೀವು ಸರಿಯಾಗಿಯೇ ಹೇಳಿದಿರಿ’ ಎಂದೆ. ಆಗಿದ್ದ ತೊಂದರೆಯೇ ಅದು.

ಅಂದು ಲೈಬ್ರರಿಯಲ್ಲಿ ಹುಡುಗರು ಎಷ್ಟು ಗದ್ದಲ ಮಾಡಿದರೂ ಗದರಿಸಲಿಲ್ಲ. ಕಿವಿ ತುಂಬಿಕೊಳ್ಳಲಿ ಎಂದು ಬಿಟ್ಟೆ. ಮನೆಗೆ ಬಂದು ಚಿತ್ರದ ಮುಂದೆ ನಿಂತೆ. ಇದನ್ನು ತೆಗೆದಿಡಲೇ ಎನ್ನಿಸಿತು. ತೆಗೆದರೆ ಮೈಲಮ್ಮನಿಗೆ ಬರಲು ನೆಪವಿಲ್ಲ. ಇಟ್ಟರೆ, ಗಂಡನಿಲ್ಲದವಳಿಗೆ ಇಷ್ಟು ದಿನ ಮಾಲೆ ಹಾಕಿಸಿದೆನೆಂದು ಆಕೆ ಬರುವುದಿಲ್ಲ. ಚಿತ್ರದ ಹೆಂಗಸು ಕೈ ಜೋಡಿಸಿಕೊಂಡೇ ಇದ್ದಳು. ಮರದಿಂದ ಬಂದವಳಿಗೆ ಅವಸರವೆಂಬುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆದಿಟ್ಟು, ಗುಡಿಸಿದ ಪಡಸಾಲೆಯನ್ನೇ ಮತ್ತೆ ಗುಡಿಸುತ್ತಾ ಕಿವಿಗೊಟ್ಟೆ. ‘ಹೂವ್ ರೀ...’ ಓಣಿಯ ತುದಿಯಲ್ಲಿ ಕೇಳಿಸಿತು. ಶಿವಗಂಗಮ್ಮನ ಮನೆ. ಅಲ್ಲಿ ಮೊಳ ಅಳೆದಾಯಿತು. ‘ಹಡಗಲಿ ಮಲ್ಲಿ...’ ಎಂದದ್ದು ನನ್ನ ಬಾಗಿಲ ಮುಂದೆ ಬಂದು ನಿಂತಿತು. ಪೊರಕೆ ಹಿಡಿದ ನನ್ನ ಕೈಯೂ ನಿಂತಿತು.

‘ಬಸ್ಸಿನಾಗ ಅದನ್ನ ಯೋಚ್ನಿ ಮಾಡ್ಕೋತ ಬಂದ್ನಿ ಅಕ್ಕಾರ’ ಎನ್ನುತ್ತಾ ಮೈಲಮ್ಮ ಹೊಸ್ತಿಲು ದಾಟಿ ಒಳಗೇ ಬಂದಳು. ಮುಖ ಕೆಂಪಗಾಗಿತ್ತು. ‘ಆ ನರ್ಸಮ್ಮ ಹೇಳಿದ್ದು ಖರೆ ಅಂದ್ರ, ಹೂ ಅಲ್ಲ ಅಂದ್ರ, ಈಕಿ ತಲಿ ಬರೇದಾತಿಲ್ಲೋ?’

‘ಹೌದು.’

‘ಗಂಡನ್ನ ಕಳಕೊಂಡು, ಮಗನ್ನ ಕಳಕೊಂಡು, ಎದಿತುಂಬ ಕತ್ತಿ ಇಟಗೊಂಡು, ಐನೂರು ವರ್ಷ ಬರೇ ತಲೀಲೆ ನಿಂತಾಳ. ಒಬ್ಬರಾರ ಒಂದು ಮೊಳ ಕೊಟ್ಟಿಲ್ಲ! ಬೆಳಕು ಕೊಟ್ಟಾರಂತ, ಬೆಳಕು! ಬೆಳಕು ಮುಡಕೊಂತಾರೇನ್ರಿ?’

ನಾನು ಪೊರಕೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

‘ತಲಿ ಮ್ಯಾಲೆ ಐತಿ ಅಂತ ತಿಳಕೊಂಡು ಇಷ್ಟು ದಿನ ಕಡಿಮಿ ಹಾಕಿದ್ನಿ. ಇಲ್ಲಂದ ಮ್ಯಾಲೆ ಹೆಚ್ಚಿಗಿ ಹಾಕ್ಬೇಕಲ್ರಿ. ಹೇಳ್ರಿ, ಎಷ್ಟು ಹಾಕ್ಲಿ?’

‘ಎರಡು’ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂತು.

ಒಂದು ಮೊಳವನ್ನು ಚಿತ್ರದ ಮೇಲೆ ಕಮಾನಿನಂತೆ ಇಳಿಬಿಟ್ಟಳು. ಇನ್ನೊಂದನ್ನು ಹಿಡಿದು ಅಲ್ಲಿ ಇಲ್ಲಿ ಇಟ್ಟು ನೋಡಿದಳು. ಸರ್ಟಿಫಿಕೇಟಿನ ಚೌಕಟ್ಟು, ಚಿಕ್ಕದು. ಎಲ್ಲಿ ಹಾಕಿದರೂ ಆಕೆಯ ಮುಖ ಮುಚ್ಚುತ್ತಿತ್ತು. ‘ಈಕೀಗೆ ಒಂದ ಸಾಕಾತು’ ಎಂದು ಉಳಿದದ್ದನ್ನು ನನ್ನ ಅಂಗೈಯಲ್ಲಿಟ್ಟಳು. ‘ಇದನ್ನ ಒಳಗ ಇಟ್ಟುಕೊಳ್ರಿ.’ ಈ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಬುಟ್ಟಿ ಎತ್ತಿಕೊಂಡು ಆಚೆ ಮನೆಯ ಮುಂದೆ ಅಗತ್ಯಕ್ಕಿಂತ ಜೋರಾಗಿ ಕೂಗಿದಳು.

ಒಳಗೆ ಎಂದರೆ ಎಲ್ಲಿ ಎಂದು ಆಕೆ ಹೇಳಿರಲಿಲ್ಲ. ತಟ್ಟೆಯಲ್ಲಿಟ್ಟೆ. ತಟ್ಟೆಯಿಂದ ತೆಗೆದು ನೀರಿನ ತಂಬಿಗೆಯ ಮೇಲಿಟ್ಟೆ. ಮನೆಯೆಲ್ಲ ಘಮಘಮ ಎನ್ನತೊಡಗಿತು. ಅಷ್ಟು ವಾಸನೆಯನ್ನು ಒಬ್ಬಳೇ ಎಷ್ಟೆಂದು ಉಸಿರಾಡುವುದು? ಬೀದಿ ಬಾಗಿಲು ಹಾಕಿ ಅಗುಳಿ ಜಡಿದೆ. ಬೀರುವಿನ ಕನ್ನಡಿಗೆ ಹೋಗುವ ಧೈರ್ಯ ಸಾಲದೆ, ಚಿತ್ರದ ಗಾಜಿನ ಮುಂದೆ ನಿಂತು, ಪಿನ್ನು ಹುಡುಕಿ, ನರೆಗೂದಲಿನ ಗಂಟಿಗೆ ಸಿಕ್ಕಿಸಿಕೊಂಡೆ. ಗಾಜಿನಲ್ಲಿ ಏಳು ಕತ್ತಿಗಳ ಮೇಲೆ ನನ್ನ ಕನ್ನಡಕ, ಅದರ ಮೇಲೆ ಆಕೆಯ ಪ್ರಭೆ. ನೋಡಿ ನಗು ಬಂತು. ಎಷ್ಟೋ ದಿನದ ಮೇಲೆ ನನ್ನ ಮನೆಯಲ್ಲಿ ನನ್ನದೇ ನಗು ಕೇಳಿ ನಾನೇ ಬೆಚ್ಚಿದೆ. ಆ ನಗುವಿನ ಸದ್ದಿಗೋ ಏನೋ, ಬಾಗಿಲು ದಬದಬ ಬಡಿಯಿತು. ‘ಅಕ್ಕಾರ, ಹಾಡಾ ಹಗಲ ಬಾಗಲಾ ಯಾಕ ಹಾಕ್ಕೊಂಡೀರಿ? ಆರಾಮ ಅದೀರಿಲ್ಲೋ?’ ಶಿವಗಂಗಮ್ಮನವರು. ಮಾಲೆಯನ್ನು ಕೂದಲು ಸಮೇತ ಕಿತ್ತು ತಂಬಿಗೆಗೆ ಹಾಕಿ, ಮುಚ್ಚಳ ಮುಚ್ಚಿ, ಮಾನವಂತಳಂತೆ ಬಾಗಿಲು ತೆರೆದೆ.

ಮರುದಿನ ಮೈಲಮ್ಮ ಬಂದವಳೇ ಕೇಳಿದಳು, ‘ನಿನ್ನಿ ಒಳಗ ಇಟ್ಟಿದ್ದು ಏನಾತ್ರಿ?’

‘ಬಾಡಿತು.’

‘ಬಾಡೂದು ಬಾಡತೈತಿ. ಮುಡಕೊಂಡು ಬಾಡಿತೋ, ಸುಮ್ಮನ ಬಾಡಿತೋ?’

ಗೋಡೆಯ ಕಡೆ ನೋಡಿದೆ. ಐನೂರು ವರ್ಷದಿಂದ ಅಳುತ್ತಾ ನಿಂತವಳು ಇಂಥ ಪ್ರಶ್ನೆಗೆ ಸಹಾಯ ಮಾಡುವವಳಲ್ಲ. ‘ಅರ್ಧ ಹಂಗ, ಅರ್ಧ ಹಿಂಗ’ ಎಂದೆ.

ಮೈಲಮ್ಮ ಬುಟ್ಟಿಯ ಮೇಲೆ ಕೈಯೂರಿಕೊಂಡು ನಕ್ಕಳು. ಹಡಗಲಿಯವರೆಗೆ ಕೇಳಿಸುವಂತೆ ನಕ್ಕಳು. ಆಮೇಲೆ ದಾರದ ತುದಿ ಹಿಡಿದು, ವ್ಯಾಪಾರದ ಮುಖ ಮಾಡಿಕೊಂಡು, ‘ಹಂಗಾರ ಆಕೀದು ಒಂದು, ನಿಮ್ಮದು ಅರ್ಧ. ಒಂದೂವರಿ ಮೊಳ ಹಾಕ್ಲೇನ್ರಿ?’ ಎಂದಳು.

ಈ ಕ್ಷಣಕ್ಕೆ ತಕ್ಕ ಒಂದು ಒಳ್ಳೆಯ ಮಾತು ಆಡಬೇಕೆಂದು ನನಗೂ ಅನ್ನಿಸಿತು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಆದರೆ ಆಕೆ ಅಳೆಯತೊಡಗಿದ್ದಳು, ಬೆರಳು ಮತ್ತೆ ಮಡಚಿತ್ತು. ‘ಅರ್ಧ ಅಂದ್ರ ಇಷ್ಟ ಏನ?’ ಎಂದು ಜಗಳಕ್ಕೆ ನಿಂತೆ.